ಯಾರೂ ನೋಡದ ವಿಡಿಯೊಗೂ ಒಂದು ಜಾಗ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ಸಂದರ್ಶನಗಳಿಗೆ ಓಡಾಡಿದವರಿಗೆ ಈ ಪ್ರಶ್ನೆ ಹೊಸದಲ್ಲ. ಅಭ್ಯರ್ಥಿಯ ಕೈಗೊಂದು ಮಾರ್ಕರ್ ಕೊಟ್ಟು ಬಿಳಿ ಬೋರ್ಡಿನ ಮುಂದೆ ನಿಲ್ಲಿಸುತ್ತಾರೆ. "ಯೂಟ್ಯೂಬ್ ಥರದ್ದೊಂದು ಸೇವೆ ಕಟ್ಟಬೇಕು ಅಂತಿಟ್ಕೊಳ್ಳಿ. ಎಷ್ಟು ಸ್ಟೋರೇಜ್ ಬೇಕು?" ಮೊಬೈಲ್ ನೋಡುವಂತಿಲ್ಲ, ಗೂಗಲ್ ಮಾಡುವಂತಿಲ್ಲ. ಹೆಚ್ಚಿನವರು ಇದಕ್ಕೆ ಒಂದು ಸಿದ್ಧ ಗುಣಾಕಾರವನ್ನು ಬಾಯಿಪಾಠ ಮಾಡಿಕೊಂಡು ಹೋಗಿರುತ್ತಾರೆ, ಒಪ್ಪಿಸಿ ಹೊರಬರುತ್ತಾರೆ. ಆ ಗುಣಾಕಾರದ ಪ್ರತಿ ಅಂಕಿಯ ಹಿಂದೆಯೂ ಒಂದೊಂದು ದೊಡ್ಡ ವಿಜ್ಞಾನದ ಕಥೆಯಿದೆ. ನಮ್ಮ ಕಣ್ಣು ಏನನ್ನು ಗಮನಿಸುವುದಿಲ್ಲ ಎಂಬುದರಿಂದ ಹಿಡಿದು, ಡಿಸ್ಕ್ ಕೆಟ್ಟಾಗ ಕಳೆದದ್ದನ್ನು ಲೆಕ್ಕದಿಂದಲೇ ಮರಳಿ ಪಡೆಯುವುದರವರೆಗೆ. ಈ ಅಧ್ಯಾಯದಲ್ಲಿ ಆ ಲೆಕ್ಕವನ್ನು ನಾವೇ, ನಿಧಾನವಾಗಿ, ಮಾಡಿ ನೋಡೋಣ.

ಮದುವೆ ಅಡುಗೆಯ ಭಟ್ಟರು ಅಕ್ಕಿ ಎಷ್ಟು ಬೇಕೆಂದು ಹೇಳುವ ಮೊದಲು ಕೇಳುವುದು ಒಂದೆರಡೇ ಪ್ರಶ್ನೆ: ಎಷ್ಟು ಎಲೆ, ಮಧ್ಯಾಹ್ನವೋ ರಾತ್ರಿಯೋ. ಉಪ್ಪು, ಒಗ್ಗರಣೆಯ ಸಾಸಿವೆಯ ಬಗ್ಗೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಅದರಲ್ಲಿ ತಪ್ಪಾದರೂ ಲಾರಿಯ ಗಾತ್ರ ಬದಲಾಗದು. ಎಂಜಿನಿಯರುಗಳ ಅಂದಾಜೂ ಇದೇ ಜಾತಿಯದು. ಯಾವ ಅಂಕಿ ಉತ್ತರವನ್ನು ಆಳುತ್ತದೆ ಎಂದು ಮೊದಲು ಹಿಡಿಯಬೇಕು, ಉಳಿದದ್ದನ್ನು ಧೈರ್ಯವಾಗಿ ಬಿಡಬೇಕು.

ಆಳುವ ಮೊದಲ ಅಂಕಿ ನಮಗೆ ಸಿಕ್ಕಿದೆ. ಪ್ರತಿ ನಿಮಿಷಕ್ಕೆ 500 ಗಂಟೆಗೂ ಹೆಚ್ಚು ವಿಡಿಯೊ ತನ್ನಲ್ಲಿಗೆ ಬರುತ್ತದೆ ಎಂದು ಯೂಟ್ಯೂಬೇ ಹೇಳಿಕೊಂಡಿದೆ. 500 ಗಂಟೆ ಎಂದರೆ 30,000 ನಿಮಿಷ. ಜಗತ್ತಿನಲ್ಲಿ ಒಂದು ನಿಮಿಷ ಕಳೆಯುವಷ್ಟರಲ್ಲಿ ಮೂವತ್ತು ಸಾವಿರ ನಿಮಿಷಗಳ ದೃಶ್ಯ ಬಂದು ಬೀಳುತ್ತದೆ. ದಿನಕ್ಕೆ 7.2 ಲಕ್ಷ ಗಂಟೆ. ಈ ಒಂದು ದಿನದ ಆವಕವನ್ನು ಒಬ್ಬರು ನಿದ್ದೆ, ಊಟ ಬಿಟ್ಟು ನೋಡುತ್ತ ಕೂತರೆ ಮುಗಿಯುವುದಕ್ಕೆ 82 ವರ್ಷ ಬೇಕು. 2005ರ ಏಪ್ರಿಲ್ 23ರಂದು ಅಲ್ಲಿಗೆ ಬಂದ ಮೊತ್ತಮೊದಲ ವಿಡಿಯೊ 19 ಸೆಕೆಂಡಿನದು. ಸಂಸ್ಥಾಪಕರಲ್ಲೊಬ್ಬರಾದ ಜಾವೆದ್ ಕರೀಂ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತಾಡಿದ್ದು.

ಇನ್ನು ಒಂದು ಗಂಟೆ ವಿಡಿಯೊ ಎಷ್ಟು ಜಾಗ ತಿನ್ನುತ್ತದೆ? ಕ್ಯಾಮೆರಾ ಕಂಡದ್ದನ್ನು ಕಂಡಹಾಗೇ ಇಟ್ಟರೆ ಏನಾಗುತ್ತದೆ ನೋಡಿ. ಫುಲ್ ಎಚ್‌ಡಿ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಒಟ್ಟು ಸುಮಾರು 20.7 ಲಕ್ಷ. ಪ್ರತಿ ಚುಕ್ಕೆಗೆ ಸರಾಸರಿ ಒಂದೂವರೆ ಬೈಟ್. ಒಂದು ಚಿತ್ರಕ್ಕೆ 31 ಲಕ್ಷ ಬೈಟ್, ಸೆಕೆಂಡಿಗೆ ಅಂಥ 30 ಚಿತ್ರ. ಗುಣಿಸಿದರೆ ಸೆಕೆಂಡಿಗೆ 93 ಎಂಬಿ, ಗಂಟೆಗೆ 336 ಜಿಬಿ. ಯೂಟ್ಯೂಬಿಗೆ ಒಂದು ದಿನ ಬರುವುದನ್ನೆಲ್ಲ ಹೀಗೇ ಇಡಹೊರಟರೆ 20 ಟಿಬಿಯ ಹನ್ನೆರಡು ಸಾವಿರ ಹಾರ್ಡ್ ಡಿಸ್ಕ್ ಬೇಕು. ಮರುದಿನ ಮತ್ತೆ ಹನ್ನೆರಡು ಸಾವಿರ.

ಚುಕ್ಕೆಗೆ ಒಂದೂವರೆ ಬೈಟ್ ಎಂದೆನಲ್ಲ, ಅಲ್ಲಿಯೂ ಒಂದು ಜಾಣತನವಿದೆ. ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೊಂದು ಬೈಟ್ ಬೇಕಿತ್ತು, ಮೂರಾಗಬೇಕಿತ್ತು. ಆದರೆ ನಮ್ಮ ಕಣ್ಣು ಬೆಳಕು-ನೆರಳಿನ ಸೂಕ್ಷ್ಮವನ್ನು ಹಿಡಿದಷ್ಟು ಬಣ್ಣದ ಸೂಕ್ಷ್ಮವನ್ನು ಹಿಡಿಯುವುದಿಲ್ಲ. ಹಾಗಾಗಿ ಬೆಳಕಿನ ಪ್ರಮಾಣವನ್ನು ಪ್ರತಿ ಚುಕ್ಕೆಗೂ ಬರೆದಿಟ್ಟು, ಬಣ್ಣವನ್ನು ನಾಲ್ಕು ಚುಕ್ಕೆಗೆ ಒಂದು ಸಲ ಮಾತ್ರ ಬರೆಯುತ್ತಾರೆ. ಅರ್ಧ ಜಾಗ ಅಲ್ಲಿಯೇ ಉಳಿಯಿತು, ನೋಡುವವರಿಗೆ ಗೊತ್ತೂ ಆಗಲಿಲ್ಲ.

ಆದರೆ ನಿಜವಾದ ಉಳಿತಾಯ ಬೇರೆ ಕಡೆಯಿಂದ ಬರುತ್ತದೆ. ಅದರ ಮೂಲದಲ್ಲಿ ಒಬ್ಬ ಬೆಂಗಳೂರಿಗರಿದ್ದಾರೆ. ನಾಸಿರ್ ಅಹಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಇಂದು ನಾವು ಯುವಿಸಿಇ ಎಂದು ಕರೆಯುವ, ಕೆ.ಆರ್. ಸರ್ಕಲ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಚಿತ್ರಗಳನ್ನು ಕುಗ್ಗಿಸಲು ಕೊಸೈನ್ ಅಲೆಗಳನ್ನು ಬಳಸುವ ಯೋಚನೆಯೊಂದನ್ನು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದಿಟ್ಟು ಅನುದಾನ ಕೇಳಿದರು. ಸಿಗಲಿಲ್ಲ; ಯೋಚನೆ ತೀರ ಸರಳವಾಯಿತು ಎಂಬ ಅಭಿಪ್ರಾಯ ಬಂತು. ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಅವರೊಡನೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ವಾಟ್ಸ್ಆಪ್‌ನಲ್ಲಿ ಹೋಗಿಬರುವ ಜೆಪಿಜಿ ಚಿತ್ರದಲ್ಲಿ ಅದಿದೆ. 2003ರಲ್ಲಿ ಬಂದು ಇಂದಿಗೂ ಎಲ್ಲೆಡೆ ಓಡುವ ಎಚ್.264 ಎಂಬ, ವಿಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ಕೋಡೆಕ್‌ನಲ್ಲಿ ಅದರ ರೂಪಾಂತರವಿದೆ. ಬೆಂಗಳೂರಿನ ರಸ್ತೆಗೋ ಮೆಟ್ರೊ ನಿಲ್ದಾಣಕ್ಕೋ ಇವರ ಹೆಸರಿಡಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಈ ನಗರ ಸಾಫ್ಟ್‌ವೇರಿನ ಹೆಸರಿನಲ್ಲಿ ಮೆರೆಯುವುದಕ್ಕೂ ಬಹಳ ಮುಂಚೆ ಜಗತ್ತಿನ ಪ್ರತಿ ಪರದೆಯನ್ನೂ ಮುಟ್ಟಿದ ಮನುಷ್ಯ ಅವರು.

ಡಿಸಿಟಿ ಏನು ಮಾಡುತ್ತದೆ ಎಂಬುದನ್ನು ಎಂಟು ಚುಕ್ಕೆಗಳಲ್ಲಿ ನೋಡಿಬಿಡೋಣ. ಸಂಜೆಯ ಆಕಾಶದ ಒಂದು ತುಣುಕು. ಎಡದಿಂದ ಬಲಕ್ಕೆ ನಿಧಾನವಾಗಿ ಬೆಳಕೇರುತ್ತಿದೆ. ಎಂಟು ಚುಕ್ಕೆಗಳ ಬೆಳಕಿನ ಪ್ರಮಾಣ ಹೀಗಿರಲಿ: 100, 102, 104, 106, 108, 110, 112, 114. ಈ ಎಂಟು ಸಂಖ್ಯೆಗಳನ್ನು ಡಿಸಿಟಿಗೆ ಹಾಕಿದರೆ ಹೊರಬರುವುದೂ ಎಂಟೇ ಸಂಖ್ಯೆ: 302.6, -12.9, 0, -1.3, 0, -0.4, 0, -0.1. ಮೊದಲನೆಯದು ಆ ತುಣುಕಿನ ಒಟ್ಟಾರೆ ಬೆಳಕು. ಎರಡನೆಯದು ನಿಧಾನವಾದ ಏರಿಳಿತ. ಮುಂದಿನವು ಹೆಚ್ಚು ಹೆಚ್ಚು ಚುರುಕಾದ ಏರಿಳಿತಗಳು, ಆಕಾಶದಲ್ಲಿ ಅವು ಇಲ್ಲವೇ ಇಲ್ಲ ಎನ್ನಬಹುದು. ಈಗ ಮೊದಲ ಎರಡನ್ನು ಮಾತ್ರ ಇಟ್ಟುಕೊಂಡು ಉಳಿದ ಆರನ್ನೂ ಎಸೆದುಬಿಡಿ. ಆ ಎರಡರಿಂದಲೇ ಚುಕ್ಕೆಗಳನ್ನು ಮರಳಿ ಲೆಕ್ಕಹಾಕಿ: 101, 102, 103, 106, 108, 111, 112, 113. ಯಾವ ಚುಕ್ಕೆಯಲ್ಲೂ ಒಂದಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲ. ಇನ್ನೂರೈವತ್ತಾರು ಮೆಟ್ಟಿಲಿನ ಬೆಳಕಿನಲ್ಲಿ ಒಂದು ಮೆಟ್ಟಿಲಿನ ವ್ಯತ್ಯಾಸ ಕಣ್ಣಿಗೆ ಕಾಣದು. ಎಂಟು ಸಂಖ್ಯೆಯ ಕೆಲಸ ಎರಡರಲ್ಲಿ ಮುಗಿಯಿತು. ಅಡ್ಡಕ್ಕೂ ಉದ್ದಕ್ಕೂ ಹೀಗೆಯೇ ಮಾಡಿದರೆ ಅರವತ್ತನಾಲ್ಕು ಚುಕ್ಕೆಗಳ ಚೌಕವೊಂದು ಬೆರಳೆಣಿಕೆಯ ಸಂಖ್ಯೆಗಳಿಗೆ ಇಳಿಯುತ್ತದೆ.

ಇದರ ಜತೆ ಇನ್ನೊಂದು ಉಪಾಯ. ವಾರ್ತೆ ಓದುವವರ ಹಿಂದಿನ ಗೋಡೆ ಸೆಕೆಂಡಿಗೆ ಮೂವತ್ತು ಸಲ ಬದಲಾಗುವುದಿಲ್ಲ. ಆಗಾಗ ಒಂದು ಪೂರ್ಣ ಚಿತ್ರ ಬರೆದಿಟ್ಟು, ನಡುವಿನ ಚಿತ್ರಗಳಿಗೆ 'ಈ ಚೌಕ ಎರಡು ಚುಕ್ಕೆ ಬಲಕ್ಕೆ ಸರಿಯಿತು' ಎಂಬಷ್ಟನ್ನೇ ಬರೆದರೆ ಸಾಕು. ಇವೆರಡೂ ಸೇರಿ, ಮೊದಲು ಸೆಕೆಂಡಿಗೆ 93 ಎಂಬಿ ಇದ್ದದ್ದು ಸುಮಾರು 5 ಎಂಬಿಪಿಎಸ್‌ಗೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಎಂಬಿಪಿಎಸ್‌ನಲ್ಲಿರುವುದು ಸೆಕೆಂಡಿಗೆ ಇಷ್ಟು ಮೆಗಾ'ಬಿಟ್' ಎಂಬ ಲೆಕ್ಕ, ಫೈಲಿನ ಗಾತ್ರದಲ್ಲಿರುವುದು ಮೆಗಾ'ಬೈಟ್'. ಎಂಟು ಬಿಟ್ ಸೇರಿ ಒಂದು ಬೈಟ್. ಸಂದರ್ಶನದ ಬೋರ್ಡಿನ ಮೇಲೆ ಜನ ಅತಿ ಹೆಚ್ಚು ಎಡವುವುದು ಈ ಎಂಟರಲ್ಲಿ. ಒಂದು ಎಂಬಿಪಿಎಸ್ ಎಂದರೆ ಗಂಟೆಗೆ 450 ಎಂಬಿ ಎಂಬುದನ್ನು ನೆನಪಿಟ್ಟರೆ ಭಾಗಾಕಾರದ ಗೋಜೇ ಇಲ್ಲ. 5 ಎಂಬಿಪಿಎಸ್‌ಗೆ ಗಂಟೆಗೆ 2.25 ಜಿಬಿ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್ ಹಾಕಿಸಿಕೊಂಡವರಿಗೆ ಫುಲ್ ಎಚ್‌ಡಿ ವಿಡಿಯೊ ನಲವತ್ತೇ ನಿಮಿಷಕ್ಕೆ ಡೇಟಾ ಖಾಲಿ ಮಾಡುವುದು ಇದೇ ಲೆಕ್ಕದಿಂದ. 336 ಜಿಬಿ ಎಲ್ಲಿ, 2.25 ಎಲ್ಲಿ! ನೂರೈವತ್ತರಲ್ಲಿ ಒಂದು ಪಾಲು.

ಎಲ್ಲ ದೃಶ್ಯವೂ ಇಷ್ಟು ಸಲೀಸಾಗಿ ಕುಗ್ಗುವುದಿಲ್ಲ. ಮಲೆನಾಡಿನ ಮಳೆಯನ್ನು ಹತ್ತಿರದಿಂದ ಹಿಡಿದ ದೃಶ್ಯವನ್ನು ಯೋಚಿಸಿ. ಪ್ರತಿ ಹನಿಯೂ ಹೊಸದು, ಹಿಂದಿನ ಚಿತ್ರದಿಂದ ಎರವಲು ಪಡೆಯಲು ಏನೂ ಇಲ್ಲ, ಚುರುಕು ಏರಿಳಿತಗಳನ್ನು ಎಸೆದರೆ ಮಳೆಯೇ ಮಾಯ. ಜಲಪಾತ, ಹೂವಿನ ಸುರಿಮಳೆ, ಹಳೆಯ ಫಿಲ್ಮಿನ ಕಾಳುಕಾಳು ಗದ್ದಲ, ಎಲ್ಲವೂ ಹೀಗೇ. ಅದೇ ಒಂದು ಕಾರ್ಟೂನು ಕಾಲುಭಾಗದಲ್ಲಿ ಮುಗಿಯಬಹುದು. ಎಲ್ಲ ಸಿನಿಮಾಕ್ಕೂ ಸೆಕೆಂಡಿಗೆ ಇಷ್ಟೇ ಬಿಟ್ ಎಂದು ಒಂದೇ ಬಿಟ್‌ರೇಟ್ ಕೊಡುವ ಪದ್ಧತಿಯನ್ನು ನೆಟ್‌ಫ್ಲಿಕ್ಸ್ 2015ರ ಡಿಸೆಂಬರಿನಲ್ಲಿ ಬಿಟ್ಟದ್ದು ಈ ಕಾರಣಕ್ಕೆ. ಒಂದೊಂದು ಸಿನಿಮಾದ ಸ್ವಭಾವ ನೋಡಿ ಅದಕ್ಕೆ ತಕ್ಕ ಬಿಟ್‌ರೇಟ್ ಆರಿಸತೊಡಗಿತು. 2018ರಲ್ಲಿ ಹೊರಬಂದ ಎವಿ1 ಎಂಬ ಕೋಡೆಕ್ ಇನ್ನೂ ಮುಂದೆ ಹೋಗಿ, ಫಿಲ್ಮಿನ ಕಾಳನ್ನು ತೆಗೆದುಹಾಕಿ ಕಳಿಸಿ, ನೋಡುವವರ ಪರದೆಯಲ್ಲಿ ಅಂಥದ್ದೇ ಕಾಳನ್ನು ಮತ್ತೆ ಹುಟ್ಟಿಸುತ್ತದೆ. ನಮ್ಮ ಅಂದಾಜಿಗೆ ಸರಾಸರಿ ಸಾಕು. ಲಕ್ಷಗಟ್ಟಲೆ ಗಂಟೆಗಳಲ್ಲಿ ಮಳೆಯೂ ಕಾರ್ಟೂನೂ ಒಂದನ್ನೊಂದು ಸರಿದೂಗಿಸುತ್ತವೆ.

ಈಗ ಇನ್ನೊಂದು ಅಂಶ. ಒಂದೇ ವಿಡಿಯೊವನ್ನು ಒಂದೇ ಗಾತ್ರದಲ್ಲಿ ಇಟ್ಟರೆ ಆಗದು. ಬಳ್ಳಾರಿಯ ಬಸ್ಸಿನಲ್ಲಿ ಕೂತವರಿಗೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಮನೆಯ ಟಿವಿ ಮುಂದೆ ಕೂತವರಿಗೆ ಫೈಬರ್ ಇರುತ್ತದೆ. ಇಬ್ಬರಿಗೂ ನಿಲ್ಲದೆ ಓಡಬೇಕೆಂದರೆ ಏಣಿಯಂತೆ ಹಲವು ಮೆಟ್ಟಿಲಿನ ಪ್ರತಿಗಳು ಸಿದ್ಧವಿರಬೇಕು. ಏಣಿ ಎಂದೇ ಎಂಜಿನಿಯರುಗಳು ಅದನ್ನು ಕರೆಯುತ್ತಾರೆ. ಉದ್ದಕ್ಕೆ 144 ಚುಕ್ಕೆಯ 144ಪಿ ಗೆ 0.1 ಎಂಬಿಪಿಎಸ್, 240ಪಿ ಗೆ 0.25, 360ಪಿ ಗೆ 0.5, 480ಪಿ ಗೆ 1, 720ಪಿ ಗೆ 2.5, 1080ಪಿ ಗೆ 5 ಎಂದಿಟ್ಟುಕೊಳ್ಳೋಣ. ಆರು ಪ್ರತಿ ಎಂದಾಕ್ಷಣ ಜಾಗ ಆರು ಪಟ್ಟು ಎಂದು ಗಾಬರಿಯಾಗುವುದು ಸಹಜ. ಕೂಡಿ ನೋಡಿ: 9.35. ಪ್ರತಿ ಮೆಟ್ಟಿಲೂ ಅದರ ಮೇಲಿನದರ ಅರ್ಧದಷ್ಟಿದ್ದರೆ, ಎಷ್ಟೇ ಮೆಟ್ಟಿಲು ಇಳಿದರೂ ಕೆಳಗಿನವೆಲ್ಲ ಸೇರಿ ಮೇಲಿನ ಒಂದಕ್ಕೆ ಸಮವಾಗಲಾರವು. ಆದ್ದರಿಂದ ಏಣಿಯ ಒಟ್ಟು ಭಾರ ತುದಿಯ ಮೆಟ್ಟಿಲಿನ ಎರಡು ಪಟ್ಟಿನೊಳಗೇ ನಿಲ್ಲುತ್ತದೆ. ಹಳ್ಳಿಯ ಬಡ ಸಿಗ್ನಲ್ಲಿಗೆಂದು ಇಡುವ 144ಪಿ ಪ್ರತಿ ಇಡೀ ಲೆಕ್ಕದಲ್ಲಿ ನೂರಕ್ಕೆ ಒಂದು. ಇದು ನನಗೆ ಬಹಳ ಇಷ್ಟವಾದ ಫಲಿತಾಂಶ: ಕಡಿಮೆ ಸೌಲಭ್ಯದವರನ್ನು ಸೇರಿಸಿಕೊಳ್ಳುವುದಕ್ಕೆ ಸ್ಟೋರೇಜ್‌ನಲ್ಲಿ ಆಗುವ ಖರ್ಚು ಲೆಕ್ಕಕ್ಕೇ ಸಿಗದಷ್ಟು ಸಣ್ಣದು.

ಭಾಷೆಯ ವಿಷಯವೂ ಹಾಗೆಯೇ. ಸಿನಿಮಾದ ದೃಶ್ಯ ಬೇರೆ, ಧ್ವನಿ ಬೇರೆ ಕಡತವಾಗಿಯೇ ಇರುತ್ತವೆ. ಭಾಷೆ ಬದಲಿಸಿದಾಗ ಧ್ವನಿಯಷ್ಟೇ ಬದಲಾಗುತ್ತದೆ. ಒಳ್ಳೆಯ ಸ್ಟೀರಿಯೊ ಧ್ವನಿಗೆ 128 ಕೆಬಿಪಿಎಸ್ ಸಾಕು. ಎರಡೂವರೆ ಗಂಟೆಯ ಸಿನಿಮಾಕ್ಕೆ 144 ಎಂಬಿ. ಅದೇ ಸಿನಿಮಾದ ದೃಶ್ಯದ ಏಣಿ ಹತ್ತೂವರೆ ಜಿಬಿ. ಕನ್ನಡದ ಧ್ವನಿಯೊಂದನ್ನು ಸೇರಿಸಿದರೆ ಹೆಚ್ಚುವ ಜಾಗ ನೂರಕ್ಕೆ ಒಂದೂವರೆಯೂ ಅಲ್ಲ. ಕನ್ನಡದ ಸಬ್‌ಟೈಟಲ್ ಕಡತವೋ ಕೆಲವು ನೂರು ಕೆಬಿ ದಾಟದು. ಡಬ್ಬಿಂಗ್ ಕಲಾವಿದರಿಗೆ, ಅನುವಾದಕರಿಗೆ ಕೊಡಬೇಕಾದ ಸಂಭಾವನೆ ನಿಜವಾದ ಖರ್ಚು, ಅದನ್ನು ಕೊಡಲೇಬೇಕು. ಆದರೆ ತಾಂತ್ರಿಕ ಹೊರೆಯ ಕಾರಣ ಕೊಟ್ಟು ಒಂದು ಭಾಷೆಯನ್ನು ಹೊರಗಿಡುವುದಕ್ಕೆ ಈ ಲೆಕ್ಕದಲ್ಲಿ ಆಧಾರವೇ ಇಲ್ಲ.

ಏಣಿಯ 9.35 ಎಂಬಿಪಿಎಸ್ ಗಂಟೆಗೆ 4.2 ಜಿಬಿ ಆಯಿತು. ಇದಲ್ಲದೆ ಬಳಕೆದಾರರು ಕಳಿಸಿದ ಮೂಲ ಕಡತವನ್ನೂ ಇಟ್ಟುಕೊಳ್ಳಬೇಕು. ನಾಳೆ ಹೊಸ ಕೋಡೆಕ್ ಬಂದಾಗ ಅದಕ್ಕೆ ಬೇಕಾದ ಪ್ರತಿಯನ್ನು ಈಗಾಗಲೇ ಕುಗ್ಗಿಸಿದ್ದರಿಂದ ತಯಾರಿಸಿದರೆ ಕಳೆದುಹೋದ ಸೂಕ್ಷ್ಮದ ಮೇಲೆ ಇನ್ನಷ್ಟು ಸೂಕ್ಷ್ಮ ಕಳೆಯುತ್ತದೆ. ಮೊಬೈಲುಗಳು ಕಂಪ್ಯೂಟರುಗಳಷ್ಟು ಜಾಣತನದಿಂದ ಕುಗ್ಗಿಸುವುದಿಲ್ಲವಾದ್ದರಿಂದ ಮೂಲಕ್ಕೆ 12 ಎಂಬಿಪಿಎಸ್ ಹಿಡಿಯೋಣ, ಗಂಟೆಗೆ 5.4 ಜಿಬಿ. ಎರಡೂ ಸೇರಿ 9.6. ಹತ್ತು ಜಿಬಿ ಎಂದು ಮುಗಿಸೋಣ. ದಿನಕ್ಕೆ 7.2 ಲಕ್ಷ ಗಂಟೆ, ಗಂಟೆಗೆ 10 ಜಿಬಿ: ದಿನಕ್ಕೆ 72 ಲಕ್ಷ ಜಿಬಿ, ಅಂದರೆ 7.2 ಪೆಟಾಬೈಟ್.

ಥಂಬ್‌ನೇಲ್, ಶೀರ್ಷಿಕೆ, ಕಾಮೆಂಟುಗಳನ್ನು ಮರೆತಿದ್ದೀರಿ ಎಂದು ಯಾರಾದರೂ ಕೇಳಬಹುದು. ಸರಾಸರಿ ವಿಡಿಯೊ ಹತ್ತು ನಿಮಿಷದ್ದು ಎಂದುಕೊಂಡರೆ ದಿನಕ್ಕೆ 43 ಲಕ್ಷ ವಿಡಿಯೊ. ಒಂದೊಂದಕ್ಕೂ ಧಾರಾಳವಾಗಿ ಅರ್ಧ ಎಂಬಿ ಕೊಟ್ಟರೂ ಎಲ್ಲ ಸೇರಿ ಎರಡು ಟಿಬಿ ಚಿಲ್ಲರೆ. ಏಳು ಸಾವಿರ ಟಿಬಿಯ ಎದುರು ಎರಡು! ಸಾಸಿವೆ ಎಂದೆನಲ್ಲ, ಇದೇ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ, ಏಕೆಂದರೆ ಡಿಸ್ಕುಗಳು ಸಾಯುತ್ತವೆ. ದೊಡ್ಡ ಡೇಟಾ ಸೆಂಟರುಗಳಲ್ಲಿ ವರ್ಷಕ್ಕೆ ನೂರಕ್ಕೆ ಒಂದೆರಡು ಹಾರ್ಡ್ ಡಿಸ್ಕ್ ಕೆಡುವುದು ಮಾಮೂಲು. ಮನೆಯ ಕಂಪ್ಯೂಟರಿಗೆ ಅದು ಅಪರೂಪದ ದುರದೃಷ್ಟ. ಒಂದು ಲಕ್ಷ ಡಿಸ್ಕ್ ಇರುವಲ್ಲಿ ದಿನಕ್ಕೆ ಮೂರರಿಂದ ಐದು ಸಾಯುತ್ತವೆ; ಬೆಳಗ್ಗೆ ಕಸ ಗುಡಿಸುವಷ್ಟು ದಿನನಿತ್ಯದ ಕೆಲಸ. ಹಾಗಾಗಿ ಯಾವುದನ್ನೂ ಒಂದೇ ಕಡೆ ಇಡುವಂತಿಲ್ಲ. 2003ರಲ್ಲಿ ಗೂಗಲ್ ಎಂಜಿನಿಯರುಗಳು ತಮ್ಮ ಕಡತ ವ್ಯವಸ್ಥೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಉತ್ತರ ನೇರವಾಗಿತ್ತು: ಪ್ರತಿಯೊಂದಕ್ಕೂ ಮೂರು ನಕಲು. ಸುರಕ್ಷಿತ, ಆದರೆ ದುಬಾರಿ. 7.2 ಪೆಟಾಬೈಟ್ 21.6 ಆಗಿಬಿಡುತ್ತದೆ.

ಇದಕ್ಕಿಂತ ಸೊಗಸಾದ ದಾರಿಯಿದೆ. 7 ಮತ್ತು 5 ಎಂಬ ಎರಡು ಸಂಖ್ಯೆ ಉಳಿಸಬೇಕಿದೆ. ಎರಡಕ್ಕೂ ಒಂದೊಂದು ನಕಲು ಮಾಡಿದರೆ ನಾಲ್ಕು ಡಬ್ಬಿ ಬೇಕು. ಬದಲಿಗೆ ಅವೆರಡರ ಮೊತ್ತವಾದ 12ನ್ನು ಮೂರನೆಯ ಡಬ್ಬಿಯಲ್ಲಿಡಿ. ಈಗ ಮೂರರಲ್ಲಿ ಯಾವ ಒಂದು ಕಳೆದರೂ ಉಳಿದೆರಡರಿಂದ ಕೂಡಿ ಕಳೆದು ತಿಳಿಯಬಹುದು. ಇದನ್ನೇ ಹಲವು ಡಬ್ಬಿಗಳಿಗೆ, ಹಲವು ನಷ್ಟಗಳಿಗೆ ಹಿಗ್ಗಿಸುವ ಗಣಿತವನ್ನು 1960ರಲ್ಲಿ ಅರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ ಕೊಟ್ಟರು. ಡೇಟಾವನ್ನು ಹತ್ತು ತುಂಡು ಮಾಡಿ, ಅವುಗಳಿಂದ ಲೆಕ್ಕಹಾಕಿದ ಇನ್ನೂ ನಾಲ್ಕು ತುಂಡು ಸೇರಿಸಿ, ಹದಿನಾಲ್ಕು ಬೇರೆ ಬೇರೆ ಕಡೆ ಇಟ್ಟರೆ, ಯಾವ ನಾಲ್ಕು ನಾಶವಾದರೂ ಉಳಿದ ಹತ್ತರಿಂದ ಎಲ್ಲವೂ ವಾಪಸ್. ಮೂರು ನಕಲಿದ್ದರೆ ಎರಡು ನಷ್ಟವನ್ನಷ್ಟೇ ತಾಳಬಹುದಿತ್ತು. ಇಲ್ಲಿ ನಾಲ್ಕು ತಾಳುತ್ತದೆ, ಖರ್ಚು ಮೂರು ಪಟ್ಟಲ್ಲ, 1.4 ಪಟ್ಟು. ಇಡೀ ಡೇಟಾ ಸೆಂಟರೇ ಬೆಂಕಿಗೋ ನೆರೆಗೋ ಹೋದರೆ? 2014ರಲ್ಲಿ ಫೇಸ್‌ಬುಕ್ ತನ್ನ ಹಳೆಯ ಫೋಟೊ, ವಿಡಿಯೊಗಳನ್ನಿಡುವ ಎಫ್4 ಎಂಬ ವ್ಯವಸ್ಥೆಯನ್ನು ವಿವರಿಸಿದಾಗ ಇದಕ್ಕೂ ಅದೇ ಡಬ್ಬಿಯ ಉಪಾಯ ಬಳಸಿತ್ತು: ಒಂದು ಊರಿನಲ್ಲಿ ಒಂದು ಕಂತೆ, ಇನ್ನೊಂದರಲ್ಲಿ ಮತ್ತೊಂದು, ಮೂರನೆಯ ಊರಿನಲ್ಲಿ ಅವೆರಡನ್ನೂ ಬೆರೆಸಿದ್ದು. 1.4ರ ಒಂದೂವರೆ ಪಟ್ಟು, 2.1. ಮೊದಲು ಅದೇ ಕಂಪನಿಗೆ ಇದಕ್ಕೆ 3.6 ಪಟ್ಟು ಜಾಗ ಬೇಕಿತ್ತು.

ನಮ್ಮ ಸೇವೆಗೂ 2.1 ಎಂದೇ ಇಟ್ಟುಕೊಳ್ಳೋಣ. 7.2 ಪೆಟಾಬೈಟ್ ಈಗ 15. ಡಿಸ್ಕನ್ನು ಗಂಟಲವರೆಗೆ ತುಂಬಿಸಿದರೆ ಕೆಲಸ ನಿಧಾನವಾಗುತ್ತದೆ. 20 ಟಿಬಿಯದರಲ್ಲಿ 16 ತುಂಬಿಸಿದರೆ ದಿನಕ್ಕೆ 945 ಡಿಸ್ಕ್, ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ. ವರ್ಷದ ಒಟ್ಟು ಐದೂವರೆ ಸಾವಿರ ಪೆಟಾಬೈಟ್, ಅಂದರೆ ಐದೂವರೆ ಎಕ್ಸಾಬೈಟ್.

ಈ ಉತ್ತರವನ್ನು ಎಷ್ಟು ನಂಬಬಹುದು? ನಾವು ಊಹಿಸಿದ ಅಂಕಿಗಳು ಮುಖ್ಯವಾಗಿ ನಾಲ್ಕು: ಸರಾಸರಿ ಬಿಟ್‌ರೇಟ್, ಮೂಲ ಕಡತದ ಗಾತ್ರ, ಸುರಕ್ಷತೆಯ ಪಟ್ಟು, ಡಿಸ್ಕ್ ತುಂಬಿಸುವ ಮಟ್ಟ. ಒಂದೊಂದರಲ್ಲೂ ಒಂದೂವರೆ ಪಟ್ಟು ತಪ್ಪಿರಬಹುದು ಎಂದುಕೊಳ್ಳಿ, ಮೇಲಕ್ಕೋ ಕೆಳಕ್ಕೋ. ನಾಲ್ಕೂ ಒಂದೇ ದಿಕ್ಕಿಗೆ ತಪ್ಪಿದರೆ ಉತ್ತರ ಐದು ಪಟ್ಟು ಹಾದಿ ತಪ್ಪುತ್ತದೆ. ಆದರೆ ಸಂಬಂಧವಿಲ್ಲದ ತಪ್ಪುಗಳು ಹಾಗೆ ಒಗ್ಗಟ್ಟಾಗುವುದು ಅಪರೂಪ; ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಎಳೆಯುತ್ತವೆ. ಸಂಭವನೀಯತೆಯ ಲೆಕ್ಕದ ಪ್ರಕಾರ ನಾಲ್ಕು ತಪ್ಪುಗಳ ಒಟ್ಟು ಪರಿಣಾಮ ಸುಮಾರಾಗಿ ಎರಡು ತಪ್ಪುಗಳಷ್ಟು, ಅಂದರೆ ಎರಡೂಕಾಲು ಪಟ್ಟು. ದಿನಕ್ಕೆ ಸಾವಿರ ಡಿಸ್ಕ್ ಎಂಬುದು ಐನೂರಿರಬಹುದು, ಎರಡು ಸಾವಿರವಿರಬಹುದು. ಹತ್ತಲ್ಲ, ಲಕ್ಷವೂ ಅಲ್ಲ. ಕಟ್ಟಡ ಎಷ್ಟು ದೊಡ್ಡದಿರಬೇಕು, ವಿದ್ಯುತ್ ಎಷ್ಟು ಬೇಕು ಎಂದು ಯೋಚಿಸಲು ಕೂರುವವರಿಗೆ ಇಷ್ಟು ಸಾಕು.

ಈ ಅಂಕಿಯನ್ನು ಕೈಯಲ್ಲಿಟ್ಟುಕೊಂಡು ನೆಟ್‌ಫ್ಲಿಕ್ಸ್ ಕಡೆ ತಿರುಗಿದರೆ ಬೇರೆಯೇ ಲೋಕ ಕಾಣುತ್ತದೆ. ಅಲ್ಲಿ ಯಾರು ಬೇಕಾದರೂ ವಿಡಿಯೊ ಹಾಕುವಂತಿಲ್ಲ, ಆರಿಸಿದ್ದಷ್ಟೇ ಇರುತ್ತದೆ. ಐವತ್ತು ಸಾವಿರ ಗಂಟೆಯ ಸಂಗ್ರಹ ಎಂದು ಇಟ್ಟುಕೊಳ್ಳೋಣ. 4ಕೆ, ಹಲವು ಕೋಡೆಕ್, ಹಲವು ಭಾಷೆ ಎಲ್ಲ ಸೇರಿಸಿ ಧಾರಾಳವಾಗಿ 100 ಎಂಬಿಪಿಎಸ್, ಗಂಟೆಗೆ 45 ಜಿಬಿ. ಗುಣಿಸಿದರೆ 2.25 ಪೆಟಾಬೈಟ್. ಇಡೀ ಸಂಗ್ರಹ 20 ಟಿಬಿಯ ನೂರಹದಿಮೂರು ಡಿಸ್ಕಿನಲ್ಲಿ ಕೂತಿತು! ಯೂಟ್ಯೂಬಿನ ಎಂಟು ಗಂಟೆಯ ಆವಕ ಅದಕ್ಕಿಂತ ಹೆಚ್ಚು. ಸಂಗ್ರಹ ಇಷ್ಟು ಚಿಕ್ಕದಿರುವುದರಿಂದಲೇ ಅದರ ನಕಲುಗಳನ್ನು ಜಗತ್ತಿನ ತುಂಬ ಹರಡಲು ಸಾಧ್ಯ. ಇಂಟರ್ನೆಟ್ ಕಂಪನಿಗಳ ಕಟ್ಟಡದೊಳಗೇ ನೆಟ್‌ಫ್ಲಿಕ್ಸ್ ತನ್ನ ಪೆಟ್ಟಿಗೆಗಳನ್ನು ಇಟ್ಟಿದೆ, 2012ರಲ್ಲಿ ಪ್ರಕಟಿಸಿದ ಓಪನ್ ಕನೆಕ್ಟ್ ಯೋಜನೆಯಡಿ. ನಾಳೆ ಆ ಊರಿನವರು ಯಾವುದನ್ನು ನೋಡಬಹುದೆಂದು ಊಹಿಸಿ, ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಅದನ್ನು ಮುಂಚಿತವಾಗಿ ತುಂಬಿಡುತ್ತಾರೆ.

ಕ್ರಿಕೆಟ್ ಇನ್ನೂ ವಿಚಿತ್ರ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ನಡೆದಾಗ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡುತ್ತಿದ್ದರು. ಎಂಟು ಗಂಟೆಯ ಪಂದ್ಯದ ನಮ್ಮ ಏಣಿ 34 ಜಿಬಿಯೂ ಇಲ್ಲ. ಜೇಬಿನ ಪೆನ್‌ಡ್ರೈವ್‌ಗೆ ಸಾಕು. ಆದರೆ ಒಂದು ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 250 ಎಂಬಿ ಓದಿಕೊಡಬಲ್ಲದು. ತಲೆಗೆ 2 ಎಂಬಿಪಿಎಸ್‌ನಂತೆ ಸಾವಿರ ಜನರಿಗಷ್ಟೇ ಅದು ಬಡಿಸೀತು. 5.9 ಕೋಟಿಗೆ 59 ಸಾವಿರ ಡಿಸ್ಕು ಬೇಕಾಗುತ್ತಿತ್ತು, ಎಲ್ಲದರಲ್ಲೂ ಅದೇ 34 ಜಿಬಿ. ಆದ್ದರಿಂದ ನೇರ ಪ್ರಸಾರ ಡಿಸ್ಕನ್ನು ನಂಬುವುದಿಲ್ಲ. ಊರೂರಿನ ಸರ್ವರುಗಳ ಮೆಮೊರಿಯಿಂದಲೇ ಹರಿಯುತ್ತದೆ.

ಹೀಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲರೂ ನೋಡುವ ವಿಡಿಯೊ ತಂತಿಯನ್ನು ತುಂಬುತ್ತದೆ, ಡಿಸ್ಕನ್ನಲ್ಲ. ಡಿಸ್ಕನ್ನು ತುಂಬುವುದು ಹೆಚ್ಚುಕಡಿಮೆ ಯಾರೂ ನೋಡದ ವಿಡಿಯೊಗಳು. ಯಾರದೋ ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಮೂವರು ಕೇಳುವ ಪಾಠ. ಒಂದೊಂದಕ್ಕೂ ಏಣಿ ಕಟ್ಟಿ, ಹದಿನಾಲ್ಕು ತುಂಡು ಮಾಡಿ ಕಾಯಬೇಕು. ಎಂಜಿನಿಯರುಗಳು ಇಲ್ಲಿ ಜಾಗಕ್ಕೂ ಗಣನೆಗೂ ನಡುವೆ ಚೌಕಾಸಿ ನಡೆಸುತ್ತಾರೆ. ಎವಿ1 ಜಾಗ ಉಳಿಸುತ್ತದೆ, ಆದರೆ ಅದಕ್ಕೆ ಕುಗ್ಗಿಸುವ ಶ್ರಮ ಎಚ್.264ಗಿಂತ ಹಲವು ಪಟ್ಟು. ಕೋಟಿ ಸಲ ಓಡುವ ಹಾಡಿಗೆ ಆ ಶ್ರಮ ಒಂದೇ ದಿನದಲ್ಲಿ ವಸೂಲಿ; ಹತ್ತು ಸಲ ಓಡುವ ನಾಮಕರಣಕ್ಕೆ ಎಂದೂ ಆಗದು. ಅಂಥದ್ದಕ್ಕೆ ಕೆಲವೇ ಮೆಟ್ಟಿಲು ಇಟ್ಟು, ಯಾರಾದರೂ ಕೇಳಿದಾಗ ಉಳಿದದ್ದನ್ನು ಮೂಲದಿಂದ ಆಗಲೇ ತಯಾರಿಸಿಕೊಡುವುದೂ ಒಂದು ದಾರಿ.

ಇನ್ನೊಂದು ದಾರಿ ಅಳಿಸುವುದು. ಆಟಗಳ ನೇರ ಪ್ರಸಾರಕ್ಕೆ ಹೆಸರಾದ ಟ್ವಿಚ್ 2025ರ ಫೆಬ್ರುವರಿಯಲ್ಲಿ, ಒಂದು ಚಾನೆಲ್ಲಿನ ಹೈಲೈಟ್ ಮತ್ತು ಅಪ್‌ಲೋಡ್ ಒಟ್ಟು 100 ಗಂಟೆ ದಾಟುವಂತಿಲ್ಲ, ಮಿಕ್ಕದ್ದನ್ನು ಏಪ್ರಿಲ್‌ನಿಂದ ತೆಗೆಯುತ್ತೇವೆ ಎಂದಿತು. ಕಾರಣ ನೇರವಾಗಿಯೇ ಹೇಳಿತು: ಇಡುವ ಖರ್ಚು ಹೆಚ್ಚು, ನೋಡುವವರು ಕಡಿಮೆ. ಗೂಗಲ್ 2023ರಲ್ಲಿ ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮ ತಂದಾಗ, ಯೂಟ್ಯೂಬ್ ವಿಡಿಯೊ ಇರುವ ಖಾತೆಗಳನ್ನು ಸದ್ಯಕ್ಕೆ ಮುಟ್ಟುವುದಿಲ್ಲ ಎಂದಿತು. ಆ 'ಸದ್ಯಕ್ಕೆ' ಎಂಬುದನ್ನು ಗಮನವಿಟ್ಟು ಓದಬೇಕು.

ಏಕೆಂದರೆ ಅಲ್ಲಿ ನಮ್ಮದೂ ಬಹಳಷ್ಟಿದೆ. ಕರಾವಳಿಯ ಅಭಿಮಾನಿಗಳು ರಾತ್ರಿಯಿಡೀ ನಿದ್ದೆಗೆಟ್ಟು ಹಿಡಿದ ಯಕ್ಷಗಾನ ಪ್ರಸಂಗಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಇಂದು ಇಲ್ಲದ ಭಾಗವತರ ಕಂಠ, ಇಂದು ಇಲ್ಲದ ಅರ್ಥಧಾರಿಗಳ ಮಾತು ಕೆಲವು ಕಡೆ ಆ ವಿಡಿಯೊಗಳಲ್ಲಷ್ಟೇ ಉಳಿದಿದೆ. ನೋಡಿದವರ ಸಂಖ್ಯೆ ಎಷ್ಟೋ ಸಲ ಕೆಲವು ನೂರು ಮಾತ್ರ. ಒಂಬತ್ತು ಗಂಟೆಯ ಒಂದು ಪ್ರಸಂಗಕ್ಕೆ ನಮ್ಮ ಲೆಕ್ಕ ಹಾಕಿ: ಗಂಟೆಗೆ 10 ಜಿಬಿಯಂತೆ 90, ಸುರಕ್ಷತೆಗೆ 2.1 ಪಟ್ಟು, 189 ಜಿಬಿ. ಡಿಸ್ಕಿನ ಬೆಲೆ ಟಿಬಿಗೆ ಒಂದೂವರೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ಸುಮಾರು 285 ರೂಪಾಯಿ. ಐದಾರು ವರ್ಷಕ್ಕೊಮ್ಮೆ ಡಿಸ್ಕ್ ಬದಲಿಸಬೇಕು, ವಿದ್ಯುತ್ತು, ತಂಪು, ಜನ ಎಲ್ಲ ಸೇರಿ ಇದರ ಕೆಲವು ಪಟ್ಟು. ಕಂಪನಿಯೊಂದಕ್ಕೆ ಇಂಥ ಕೋಟಿ ಕೋಟಿ ಕಡತಗಳು ಸೇರಿದಾಗ ಭಾರವಾಗುವುದು ನಿಜ. ಒಂದು ಮೇಳಕ್ಕೆ, ಒಂದು ಊರಿನ ಸಂಘಕ್ಕೆ, ಒಂದು ವಿಶ್ವವಿದ್ಯಾಲಯಕ್ಕೆ ತನ್ನ ಪಾಲಿನದನ್ನು ಇಟ್ಟುಕೊಳ್ಳುವುದು ಭಾರವಲ್ಲ.

ಮನೆಯಲ್ಲಿಡುವುದಾದರೆ ಏಣಿ ಬೇಡ, ಮೂಲ ಕಡತ ಸಾಕು: 12 ಎಂಬಿಪಿಎಸ್‌ನಂತೆ ಒಂಬತ್ತು ಗಂಟೆಗೆ 49 ಜಿಬಿ. ನಾಲ್ಕು ಟಿಬಿಯ ಒಂದು ಡಿಸ್ಕಿನಲ್ಲಿ ಇಂಥ ಎಂಬತ್ತು ರಾತ್ರಿಗಳು ಹಿಡಿಸುತ್ತವೆ. ಒಂದು ಡಿಸ್ಕ್ ವರ್ಷದಲ್ಲಿ ಕೆಡುವ ಸಾಧ್ಯತೆ ನೂರಕ್ಕೆ ಒಂದೂವರೆ ಎಂದು ಹಿಡಿದರೆ, ಎರಡರಲ್ಲಿ ಇಟ್ಟಾಗ ಎರಡೂ ಅದೇ ವರ್ಷ ಕೆಡುವ ಸಾಧ್ಯತೆ ಹತ್ತು ಸಾವಿರಕ್ಕೆ ಎರಡು ಚಿಲ್ಲರೆ. ಈ ಗುಣಾಕಾರ ಸರಿಹೋಗುವುದು ಎರಡೂ ಬೇರೆ ಬೇರೆ ಕಾರಣಕ್ಕೆ ಕೆಟ್ಟಾಗ ಮಾತ್ರ. ಒಂದೇ ಬೀರುವಿನಲ್ಲಿದ್ದರೆ ಒಂದೇ ಸಿಡಿಲಿಗೆ, ಒಂದೇ ನೆರೆನೀರಿಗೆ ಎರಡೂ ಹೋಗುತ್ತವೆ. ಆದ್ದರಿಂದ ಒಂದು ಉಡುಪಿಯ ಮನೆಯಲ್ಲಿದ್ದರೆ ಇನ್ನೊಂದು ಶಿರಸಿಯ ನೆಂಟರ ಮನೆಗೆ ಹೋಗಲಿ, ವರ್ಷಕ್ಕೊಮ್ಮೆ ಎರಡನ್ನೂ ಕಂಪ್ಯೂಟರಿಗೆ ಹಾಕಿ ತೆರೆದು ನೋಡಲಿ, ಒಂದು ಕೆಟ್ಟಿದ್ದರೆ ಆ ವಾರವೇ ಹೊಸದಕ್ಕೆ ನಕಲಾಗಲಿ.